ಹೋಗಿ ಬಂದ ಮೇಲೆ ಓದಿ

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು ಒಂಬತ್ತನೇ ಕ್ಲಾಸು. ಪುಸ್ತಕ ಓದಿಸಿ, ಊರು ಸುತ್ತಿಸಿ, ಇತಿಹಾಸ ವಿಜ್ಞಾನ ಎರಡರಲ್ಲೂ ಕುತೂಹಲ ತಾನಾಗಿ ಬೆಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಂಪಿ, ಬಾದಾಮಿ, ಬೇಲೂರು ಎಲ್ಲಾ ತೋರಿಸಿದ್ದೇವೆ. ಹೋಗುವ ಮುಂಚೆ ಪುಸ್ತಕವನ್ನೂ ತಂದುಕೊಡುತ್ತೇವೆ. ಆದರೆ ವಾಪಸ್ ಬಂದ ಮೇಲೆ ಫೋನಿನಲ್ಲಿ ಫೋಟೊ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಮಾತಿದೆ. "ಹೋಗುವ ಮುಂಚೆ ಪುಸ್ತಕ ತಂದುಕೊಡುತ್ತೇವೆ." ಹೋಗಿ ಬಂದ ಮೇಲೆ? ಅಲ್ಲಿಗೆ ಮುಗಿಯಿತು, ಅಲ್ವಾ? ಬಟ್ಟೆ ಒಗೆಯಲು ಹಾಕಿ, ಮಾರನೇ ದಿನ ಸ್ಕೂಲು.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವನು. ವರ್ಷ ವರ್ಷ ಹುಡುಗರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂಡೆ, ಗಣಿ, ಶಾಸನ ಅಂತ ಅಲೆದಿದ್ದೇನೆ. ಶುರುವಿನಲ್ಲಿ ನಾನೂ ನಿಮ್ಮ ಹಾಗೇ ಮಾಡುತ್ತಿದ್ದೆ. ಹೊರಡುವ ಮುಂಚೆ ಎರಡು ತಾಸು ಪಾಠ, ಕೈಗೊಂದು ಹತ್ತು ಪುಟದ ನೋಟ್ಸು. ಅಲ್ಲಿಗೆ ಹೋದಾಗ ಹುಡುಗರು ಬಂಡೆಯನ್ನು ನೋಡುತ್ತಿರಲಿಲ್ಲ, ನೋಟ್ಸಿನಲ್ಲಿದ್ದದ್ದು ಬಂಡೆಯಲ್ಲಿ ಇದೆಯಾ ಅಂತ ಟಿಕ್ ಹಾಕುತ್ತಿದ್ದರು. ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ಹುಡುಕುವುದಿಲ್ಲ. ಆಮೇಲೆ ಪಾಠವನ್ನು ತಿರುಗಿಸಿದೆ. ಹೋಗುವ ಮುಂಚೆ ಸ್ವಲ್ಪ ಮಾತ್ರ ಓದು, ಒಂದು ಪ್ರಶ್ನೆ ಹುಟ್ಟುವಷ್ಟು. ಅಲ್ಲಿ ಹೋಗಿ ಸುಮ್ನೆ ನೋಡು. ಬಂದ ಮೇಲೆ ಹೊಟ್ಟೆ ತುಂಬ ಓದು. ಫರಕು ಒಂದೇ ವರ್ಷದಲ್ಲಿ ಕಂಡಿತು.

ಒಂದು ಕಥೆ ಹೇಳುತ್ತೇನೆ. ನಮ್ಮ ರಾಜ್ಯದ್ದೇ.

1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಮೈಸೂರು ರಾಜ್ಯದ ಪೂರ್ವದ ಗಡಿ ಅಳೆಯಲು ಹೊರಟಿದ್ದ. ಟಿಪ್ಪು ಸತ್ತು ಮೂರು ವರ್ಷ ಆಗಿತ್ತು ಅಷ್ಟೇ. ಕೋಲಾರದ ಉರಿಗಾಂ, ಮಾರಿಕುಪ್ಪಂ ಕಡೆ ನೆಲದಲ್ಲಿ ಚಿನ್ನ ಸಿಗುತ್ತದೆ ಅಂತ ಜನ ಮಾತಾಡುವುದು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಹಳ್ಳಿಯವರು ಗಾಡಿ ತುಂಬ ಮಣ್ಣು ತಂದು ಅವನೆದುರೇ ನೀರಿನಲ್ಲಿ ತೊಳೆದರು. ತಳದಲ್ಲಿ ಚಿನ್ನದ ಪುಡಿ ಉಳಿಯಿತು. ವಾರೆನ್ ಇದನ್ನು ಬರೆದಿಟ್ಟ. ಆ ಬರಹ ಸುಮಾರು ಎಪ್ಪತ್ತು ವರ್ಷ ಹಾಗೇ ಬಿದ್ದಿತ್ತು.

ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕಲ್ ಲವೆಲ್ ಎಂಬ ನಿವೃತ್ತ ಸೈನಿಕ ಅದನ್ನು ಓದಿದ. ಅವನು ನ್ಯೂಜಿಲೆಂಡಿನಲ್ಲಿ ಯುದ್ಧಕ್ಕೆ ಹೋಗಿದ್ದಾಗ ಅಲ್ಲಿ ಚಿನ್ನ ತೆಗೆಯುವುದನ್ನು ಕಣ್ಣಾರೆ ಕಂಡಿದ್ದವನು. ಆ ಬರಹವನ್ನು ಎಷ್ಟೋ ಜನ ಓದಿರಬಹುದು. ಆದರೆ ಚಿನ್ನದ ನೆಲ ಹೇಗಿರುತ್ತದೆ ಅಂತ ಎಲ್ಲೋ ದೂರದಲ್ಲಿ ನೋಡಿ ಬಂದ ಕಣ್ಣಿಗೆ ಅದೇ ಸಾಲು ಬೇರೆ ತರ ಕಂಡಿತು. 1871ರಲ್ಲಿ ಎತ್ತಿನಗಾಡಿ ಕಟ್ಟಿಸಿಕೊಂಡು ಸುಮಾರು ನೂರು ಕಿಲೋಮೀಟರ್ ದೂರದ ಕೋಲಾರಕ್ಕೆ ಹೊರಟ. 1875ರಲ್ಲಿ ಗಣಿ ತೋಡುವ ಪರವಾನಗಿ ಸಿಕ್ಕಿತು. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಇದೇ ಮನುಷ್ಯನ ಹೆಸರಿನದು. ಅವನ ಕೈಯಲ್ಲಿ ದುಡ್ಡು ಸಾಲಲಿಲ್ಲ, ಮುಂದೆ ಕಂಪನಿಗಳು ಬಂದವು, ಅದು ಬೇರೆ ವಿಷಯ. ನಾನು ಹೇಳಬೇಕಾದದ್ದು ಇಷ್ಟೇ: ಲವೆಲ್ ಮೊದಲು ನೋಡಿದ, ಆಮೇಲೆ ಓದಿದ. ಆಮೇಲೆ ಮತ್ತೆ ನೋಡಲು ಹೋದ.

ನಾನು ಹುಡುಗರನ್ನು ಕೆಜಿಎಫ್‌ಗೆ ಕರೆದುಕೊಂಡು ಹೋಗುವಾಗ ಹೇಳುತ್ತಿದ್ದದ್ದು ಒಂದೇ ಮಾತು. "ಅಲ್ಲಿ ದಿಬ್ಬಗಳಿವೆ. ಅವು ಬೆಟ್ಟ ಅಲ್ಲ. ಏನು ಅಂತ ನೀವೇ ಹೇಳಿ." ಊರಿನ ಪಕ್ಕದಲ್ಲೇ ಸಾಲಾಗಿ ನಿಂತಿವೆ ಅವು. ಮೇಲೆ ಚಪ್ಪಟೆ, ಮಳೆನೀರು ಕೊರೆದು ಪಕ್ಕದಲ್ಲಿ ಆಳ ಗೀರುಗಳು, ಹುಲ್ಲು ಸರಿಯಾಗಿ ಬೆಳೆದಿಲ್ಲ. ಕೈಯಲ್ಲಿ ಹಿಡಿದರೆ ಮಣ್ಣಲ್ಲ, ಮೈದಾಹಿಟ್ಟಿನಷ್ಟು ನುಣ್ಣಗೆ. ಒಬ್ಬ ಹುಡುಗ, "ಇದನ್ನು ಯಾರೋ ಬೀಸಿದ್ದಾರೆ ಸರ್" ಅಂದ. ಸರಿಯಾಗಿ ಹೇಳಿದ್ದ. ಭೂಮಿಯ ಒಳಗಿಂದ ತೆಗೆದ ಬಂಡೆಯನ್ನು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಕಸ ಅದು. ಊರಿನವರು ಸೈನೈಡ್ ದಿಬ್ಬ ಅನ್ನುತ್ತಾರೆ.

ವಾಪಸ್ ಬಂದ ಮೇಲೆ ಆ ಹುಡುಗ ಸೈನೈಡ್ ಯಾಕೆ ಅಂತ ಓದಲು ಕೂತ. ಚಿನ್ನ ಯಾವುದಕ್ಕೂ ಕರಗದು ಅಂತ ನಾವು ತಿಳಿದಿರುತ್ತೇವೆ. ಆದರೆ ಗಾಳಿ ಸೇರಿದ ತೆಳು ಸೈನೈಡ್ ನೀರಿನಲ್ಲಿ ಅದು ನಿಧಾನಕ್ಕೆ ಕರಗುತ್ತದೆ, ಆಮೇಲೆ ಸತು ಹಾಕಿದರೆ ಮತ್ತೆ ಬೇರೆಯಾಗುತ್ತದೆ. 1887ರಲ್ಲಿ ಗ್ಲಾಸ್ಗೋದಲ್ಲಿ ಕಂಡುಹಿಡಿದ ಉಪಾಯ. ಅಲ್ಲಿಂದ ಅವನು ಇನ್ನೊಂದಕ್ಕೆ ಹೋದ. ಅಷ್ಟೊಂದು ಬಂಡೆ ಬೀಸುವ ಗಿರಣಿಗೆ ಶಕ್ತಿ ಎಲ್ಲಿಂದ? 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು. ಬೆಂಗಳೂರಿನ ಬೀದಿದೀಪಕ್ಕೆ ಕರೆಂಟ್ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ರಾಜಧಾನಿಗಿಂತ ಮುಂಚೆ ಗಣಿಗೆ ಯಾಕೆ ಅಂತ ಕೇಳಿದ. ಅದು ಇತಿಹಾಸದ ಪ್ರಶ್ನೆ, ದುಡ್ಡಿನ ಪ್ರಶ್ನೆ, ಆಳಿದವರು ಯಾರು ಅನ್ನುವ ಪ್ರಶ್ನೆ. ಕೆಮಿಸ್ಟ್ರಿಯಿಂದ ಶುರುವಾಗಿ ಅವನು ಅಲ್ಲಿಗೆ ಬಂದು ನಿಂತಿದ್ದ. ಯಾರೂ ಹೋಂವರ್ಕ್ ಕೊಟ್ಟಿರಲಿಲ್ಲ.

ಕೆಜಿಎಫ್‌ನಲ್ಲಿ ಇನ್ನೂ ಒಂದಿದೆ, ನನಗೆ ತುಂಬ ಪ್ರೀತಿಯದು. ನಿಮ್ಮ ಅಂಗೈಯನ್ನು ಒಮ್ಮೆ ಚಾಚಿ. ಆಕಾಶದಿಂದ ಬರುವ ಮ್ಯೂಯಾನ್ ಎಂಬ ಕಣ ಹೆಚ್ಚುಕಡಿಮೆ ಸೆಕೆಂಡಿಗೊಂದು ನಿಮ್ಮ ಅಂಗೈ ತೂರಿಕೊಂಡು ಹೋಗುತ್ತಿರುತ್ತದೆ. ಗೊತ್ತೇ ಆಗುವುದಿಲ್ಲ. ಮನೆ ಮಾಳಿಗೆ ಅದಕ್ಕೆ ಲೆಕ್ಕಕ್ಕಿಲ್ಲ. ನ್ಯೂಟ್ರಿನೋ ಎಂಬ ಇನ್ನೂ ಸೂಕ್ಷ್ಮದ ಕಣವನ್ನು ಹಿಡಿಯಬೇಕಾದರೆ ಈ ಮ್ಯೂಯಾನ್‌ಗಳ ಗದ್ದಲ ಇರಬಾರದು. ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗಾಗುತ್ತದೆ. ಅದಕ್ಕೆ ತಲೆ ಮೇಲೆ ಎರಡು ಕಿಲೋಮೀಟರ್‌ಗೂ ಜಾಸ್ತಿ ಬಂಡೆ ಬೇಕು. ಅಂಥ ಜಾಗ ಆಗ ಎಲ್ಲಿತ್ತು? ಚಿನ್ನಕ್ಕಾಗಿ ತೋಡಿದ ನಮ್ಮ ಚಾಂಪಿಯನ್ ರೀಫ್ ಗಣಿಯಲ್ಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತನ್ನು ಅಲ್ಲಿ ಹಿಡಿದರು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದೇ ವರ್ಷ ಹಿಡಿದರು. ನಮ್ಮ ತಂಡದಲ್ಲಿದ್ದ ಬಿ. ವಿ. ಶ್ರೀಕಂಠನ್ ನಂಜನಗೂಡಿನವರು. ಐವತ್ತರ ದಶಕದ ಮೊದಲಲ್ಲೇ ಉಪಕರಣ ಹೊತ್ತು ಗಣಿಗೆ ಇಳಿದವರು. 2001ರಲ್ಲಿ ಗಣಿ ಮುಚ್ಚಿತು. ಆ ಆಳಕ್ಕೆ ಈಗ ಯಾರೂ ಇಳಿಯುವ ಹಾಗಿಲ್ಲ. ಮೇಲೆ ನಿಂತ ತುಕ್ಕುಹಿಡಿದ ಕಬ್ಬಿಣದ ಗೋಪುರವನ್ನು ದೂರದಿಂದ ನೋಡಬಹುದು. ಓದಿ ಬಂದವನಿಗೂ ಓದದೆ ಬಂದವನಿಗೂ ಅದು ಒಂದೇ ಕಬ್ಬಿಣ. ಆದರೆ ಹೋಗಿ ನೋಡಿ, ಮನೆಗೆ ಬಂದು ಇದನ್ನು ಓದಿದವನು ಎರಡನೇ ಸಲ ಹೋದಾಗ ಆ ಗೋಪುರದ ಕೆಳಗೆ ತುಂಬ ಹೊತ್ತು ನಿಲ್ಲುತ್ತಾನೆ. ನಾನು ನೋಡಿದ್ದೇನೆ.

ಈಗ ನಿಮ್ಮ ಕಡೆಗೆ ಬರುತ್ತೇನೆ. ದೂರದ, ಹೆಸರುವಾಸಿಯಾದ ಜಾಗಕ್ಕೇ ಹೋಗಬೇಕು ಅನ್ನುವುದನ್ನು ಸದ್ಯಕ್ಕೆ ಬಿಡಿ. ಹಂಪಿ ಒಂದೇ ದಿನದಲ್ಲಿ ಆಗುವ ಜಾಗ ಅಲ್ಲ, ಮಕ್ಕಳಿಗೆ ಅಲ್ಲಿ ತಲೆ ತಿರುಗುತ್ತದೆ. ಒಂದು ಜಾಗ, ಒಂದು ವಸ್ತು ಸಾಕು. ಬಳ್ಳಾರಿ ಕಡೆಯಿಂದ ಹಂಪಿಗೆ ಹೋಗುವ ದಾರಿಯಲ್ಲೇ ನೋಡಿ, ಬಳ್ಳಾರಿ ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ಅಂತ ಊರಿದೆ. ಅಲ್ಲೊಂದು ಬೂದಿ ದಿಬ್ಬ ಇದೆ. ಪ್ರವಾಸಿ ಬಸ್ಸುಗಳು ನಿಲ್ಲುವುದೇ ಇಲ್ಲ.

ಅದನ್ನು ಹತ್ತಿರದಿಂದ ನೋಡಬೇಕು. ಬೂದುಬಣ್ಣದ ಮೆತ್ತನೆಯ ಪದರ, ಅದರ ಮೇಲೆ ಗಟ್ಟಿ ಪದರ, ಮತ್ತೆ ಮೆತ್ತನೆಯದು. ಗಟ್ಟಿ ಪದರ ಕೆಲವು ಕಡೆ ಕರಗಿ ಹೆಪ್ಪುಗಟ್ಟಿದ ಗಾಜಿನ ಹಾಗಿದೆ, ಒಳಗೆಲ್ಲ ಸಣ್ಣ ಸಣ್ಣ ತೂತು. ಜ್ವಾಲಾಮುಖಿ ಇರಬಹುದೇ ಅಂತ ಒಂದು ಕಾಲದಲ್ಲಿ ಯೋಚಿಸಿದವರಿದ್ದರು. ಲೋಹ ಕಾಯಿಸಿದ ಕಿಟ್ಟ ಅಂದವರಿದ್ದರು. ಊರವರು ರಾಕ್ಷಸರನ್ನು ಸುಟ್ಟ ಬೂದಿ ಅಂದರು. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನಂತೂ ಈಗಲೂ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಕಿಷ್ಕಿಂಧೆ ಅಲ್ಲೇ ಇರುವಾಗ ಮತ್ತೇನು ಹೇಳುತ್ತಾರೆ! ಆ ಮಾತನ್ನು ಸುಳ್ಳು ಅಂತ ಮಕ್ಕಳೆದುರು ತಳ್ಳಿಹಾಕಬೇಡಿ. ಇದು ಸುಟ್ಟ ಬೂದಿ ಅನ್ನುವ ಅಸಲು ಸಂಗತಿಯನ್ನು ಊರಿನವರು ಸರಿಯಾಗೇ ಹಿಡಿದಿದ್ದರು. ಏನನ್ನು ಸುಟ್ಟದ್ದು ಅನ್ನುವುದು ಮಾತ್ರ ಬಾಕಿ ಇತ್ತು.

ದನದ ಸಗಣಿ ಅಂತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿದ್ದ. 1950ರ ದಶಕದಲ್ಲಿ ಪುರಾತತ್ವದ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥದೇ ದಿಬ್ಬ ಅಗೆದಾಗ ಪದರದ ನಡುವೆ ದನದ ಗೊರಸಿನ ಅಚ್ಚು ಸಿಕ್ಕಿತು. ಆಮೇಲೆ ಅನುಮಾನ ಉಳಿಯಲಿಲ್ಲ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕಿದವರು ದೊಡ್ಡಿಯಲ್ಲಿ ಸಗಣಿ ಗುಡ್ಡೆ ಹಾಕಿ, ಆಗಾಗ ಬೆಂಕಿ ಇಟ್ಟು, ಮತ್ತೆ ಗುಡ್ಡೆ ಹಾಕಿ, ತಲೆಮಾರುಗಟ್ಟಲೆ ಹೀಗೆ ಮಾಡಿದ್ದು ಅದು. ಸುರಪುರ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದಾಗ ದಿಬ್ಬದ ಪಕ್ಕದಲ್ಲೇ ಜನ ವಾಸ ಮಾಡಿದ ಊರೂ ಸಿಕ್ಕಿತು. ಊರಿನ ಹೆಸರು ನೋಡಿ, ಬೂದಿಹಾಳ!

ಹಾಗಾದರೆ ಸಗಣಿ ಗಾಜಾಗಿದ್ದು ಹೇಗೆ? ನನ್ನ ಜೊತೆ ಬಂದಿದ್ದ ಒಬ್ಬಳು ಹುಡುಗಿ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ನಮ್ಮಜ್ಜಿ ಪಾತ್ರೆ ತಿಕ್ಕುವ ಬೂದಿನೂ ಹಿಂಗೇ ತರಿತರಿ ಸರ್" ಅಂದಳು. ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು. ಹುಲ್ಲು, ಜೋಳದ ಗರಿ ಎಲ್ಲ ಬೆಳೆಯುವಾಗ ಮಣ್ಣಿನಿಂದ ಸಿಲಿಕಾ ಹೀರಿಕೊಳ್ಳುತ್ತವೆ. ಜೋಳದ ಹೊಲದಲ್ಲಿ ಓಡಿದರೆ ಗರಿ ಕೈ ಕೊಯ್ಯುತ್ತದಲ್ಲ, ಅದಕ್ಕೆ ಇದೇ ಕಾರಣ. ಗಾಜು ಮಾಡುವುದೂ ಸಿಲಿಕಾದಿಂದಲೇ. ದನ ಹುಲ್ಲು ತಿಂದರೂ ಆ ಸಿಲಿಕಾ ಕರಗುವುದಿಲ್ಲ, ಸಗಣಿಯಲ್ಲಿ ಹೊರಗೆ ಬರುತ್ತದೆ, ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ. ಅದೇ ಬೂದಿ ಪಾತ್ರೆಯ ಜಿಡ್ಡು ಉಜ್ಜಿ ತೆಗೆಯುತ್ತದೆ. ದೊಡ್ಡ ಗುಡ್ಡೆಗೆ ಬೆಂಕಿ ಬಿದ್ದು ದಿನಗಟ್ಟಲೆ ಒಳಗೊಳಗೇ ಕಾದರೆ ಬೂದಿಯಲ್ಲಿರುವ ಕ್ಷಾರದ ಜೊತೆ ಸೇರಿ ಕರಗಿ ಗಾಜಿನಂತಾಗುತ್ತದೆ. ಆ ಹುಡುಗಿ ಮನೆಗೆ ಹೋಗಿ ಅಜ್ಜಿ ಹತ್ತಿರ ಬೂದಿ ಇಸಕೊಂಡು ಕಾಲೇಜಿನ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು. ಹುಲ್ಲಿನ ಜೀವಕೋಶದ ಆಕಾರದಲ್ಲೇ ಇರುವ ಸಣ್ಣ ಸಿಲಿಕಾ ಚೂರುಗಳು ಕಂಡವು. ಪುರಾತತ್ವದವರು ಅದೇ ಚೂರುಗಳನ್ನು ನೋಡಿ ಆ ಕಾಲದ ದನ ಯಾವ ಹುಲ್ಲು ಮೇಯ್ದಿತ್ತು ಅಂತ ಹೇಳುತ್ತಾರೆ. ಇದೆಲ್ಲ ಅವಳಿಗೆ ಮೊದಲೇ ಪುಸ್ತಕದಲ್ಲಿ ಸಿಕ್ಕಿದ್ದರೆ ದಿಬ್ಬದ ಮುಂದೆ ಅಜ್ಜಿ ನೆನಪಾಗುತ್ತಿದ್ದಳೇ? ನನಗೆ ಅನುಮಾನ.

ದಾವಣಗೆರೆಯಿಂದ ಒಂದೊಂದು ದಿನದಲ್ಲಿ ಹೋಗಿಬರುವ ಎರಡು ಜಾಗ ಹೇಳುತ್ತೇನೆ. ಒಂದೇ ದಿನ ಎರಡಕ್ಕೂ ಹೋಗಬೇಡಿ.

ಮೊದಲನೆಯದು ಚಿತ್ರದುರ್ಗ ದಾಟಿ ಮರಡಿಹಳ್ಳಿ. ಅಲ್ಲಿನ ಬಂಡೆಯನ್ನು ಭೂವೈಜ್ಞಾನಿಕ ಸ್ಮಾರಕ ಅಂತ ಕಾಪಾಡಿದ್ದಾರೆ. ಮಗಳಿಗೆ ಏನೂ ಹೇಳಬೇಡಿ, "ಈ ಬಂಡೆ ಯಾವುದರ ಹಾಗೆ ಕಾಣುತ್ತದೆ" ಅಂತ ಕೇಳಿ. ದಿಂಬು ಒಟ್ಟಿದ ಹಾಗೆ ಅನ್ನುತ್ತಾಳೆ. ಎಲ್ಲಾ ಮಕ್ಕಳೂ ಹಾಗೇ ಅಂದಿದ್ದಾರೆ. ಒಂದೊಂದು ದಿಂಬಿನ ಅಂಚು ನೋಡಲಿ, ನಡುವಿನ ಕಲ್ಲಿಗಿಂತ ಅಂಚು ಬೇರೆ ತರ ಇರುತ್ತದೆ. ಕುದಿಯುವ ಲಾವಾ ನೀರಿನೊಳಗೆ ನುಗ್ಗಿದಾಗ ಹೊರಮೈ ತಟ್ಟನೆ ತಣ್ಣಗಾಗಿ ಸಿಪ್ಪೆ ಕಟ್ಟುತ್ತದೆ, ಒಳಗಿನ ಬಿಸಿ ಲಾವಾ ಆ ಸಿಪ್ಪೆ ಒಡೆದು ಮುಂದೆ ಉಬ್ಬುತ್ತದೆ, ಅದಕ್ಕೂ ಸಿಪ್ಪೆ. ಹೀಗೆ ಒಂದರ ಮೇಲೊಂದು ದಿಂಬು. ಅಂದರೆ ಈ ಒಣ ನೆಲ, ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ಅಡಿಯಲ್ಲಿತ್ತು. ಇದನ್ನು ಮನೆಗೆ ಬಂದ ಮೇಲೆ ಓದಲಿ. ಇಂಟರ್ನೆಟ್ಟಿನಲ್ಲಿ ಇಂದು ಸಮುದ್ರದ ತಳದಲ್ಲಿ ಲಾವಾ ಹೀಗೇ ದಿಂಬಾಗುವ ವಿಡಿಯೋಗಳಿವೆ, ಅವನ್ನು ತೋರಿಸಿ. ಅದೇ ಆಕಾರ, ಅದೇ ಸಿಪ್ಪೆ.

ಎರಡನೆಯದು ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಇರುವ ಬಂಡೆ. ಮೈಸೂರು ರಾಜ್ಯದ ಶಾಸನಗಳನ್ನು ಹುಡುಕಿ ಸಂಗ್ರಹಿಸಿದ ಬಿ. ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ಹೊರಡುವ ಮುಂಚೆ ಇದೊಂದನ್ನು ಮಾತ್ರ ಹೇಳಿ: ಶಾಸನದ ಕೊನೆಯಲ್ಲಿ ಅದನ್ನು ಬರೆದವನು ತನ್ನ ಹೆಸರು ಹಾಕಿದ್ದಾನೆ. ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಎಡದಿಂದ ಬಲಕ್ಕೆ. ಆದರೆ "ಲಿಪಿಕಾರ" ಅನ್ನುವ ತನ್ನ ಕಸುಬಿನ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಈಗಿನ ಪಾಕಿಸ್ತಾನದ ಪೇಶಾವರದ ಸುತ್ತಮುತ್ತಲಿನದು. ಸುಮಾರು 2,270 ವರ್ಷದ ಹಿಂದೆ ಮೊಳಕಾಲ್ಮುರಿನ ಬಂಡೆ ಮುಂದೆ ಕೂತ ಆ ಮನುಷ್ಯ ಎಲ್ಲಿಯವನು? ಆ ಮೂಲೆಯ ಅಕ್ಷರ ಕಲಿತದ್ದೆಲ್ಲಿ?

ಇಷ್ಟು ಕೇಳಿ ಹೋದರೆ ಅವಳು ಬಂಡೆ ಮುಂದೆ ಆ ಕೊನೆಯ ಸಾಲನ್ನೇ ಹುಡುಕುತ್ತಾಳೆ. ಸವೆದಿದೆ, ಸುಲಭಕ್ಕೆ ಕಾಣುವುದಿಲ್ಲ, ಹುಡುಕಲಿ. ವಾಪಸ್ ಬಂದ ಮೇಲೆ ಓದಲು ಬೇಕಾದಷ್ಟಿದೆ. ಈ ಆಜ್ಞೆ ಸುವರ್ಣಗಿರಿಯಿಂದ ಬಂತು ಅಂತ ಶಾಸನವೇ ಹೇಳುತ್ತದೆ. ಚಿನ್ನದ ಬೆಟ್ಟ. ಅದು ಎಲ್ಲಿತ್ತು ಅಂತ ವಿದ್ವಾಂಸರು ಈಗಲೂ ಚರ್ಚೆ ಮಾಡುತ್ತಾರೆ, ಮಸ್ಕಿ ಹತ್ತಿರದ ಕನಕಗಿರಿ ಅನ್ನುವವರು ಇದ್ದಾರೆ. ಬ್ರಾಹ್ಮಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದರೂ ಶಾಸನಗಳಲ್ಲಿ "ದೇವಾನಾಂಪ್ರಿಯ" ಅಂತಷ್ಟೇ ಇರುತ್ತಿತ್ತು. "ಅಶೋಕ" ಎಂಬ ಹೆಸರೇ ಬಂಡೆ ಮೇಲೆ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಂಡವರು ಇತಿಹಾಸದ ಪ್ರೊಫೆಸರ್ ಅಲ್ಲ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಮಸ್ಕಿಯಿಂದ ಹಟ್ಟಿ ಚಿನ್ನದ ಗಣಿ ದೂರವೇನಲ್ಲ. ಅಶೋಕನ ಆಡಳಿತ ಇಷ್ಟು ದಕ್ಷಿಣಕ್ಕೆ ಬಂದದ್ದು ಯಾತಕ್ಕೆ ಅಂತ ಮಗಳೇ ಕೇಳಿದರೆ ಆಶ್ಚರ್ಯ ಪಡಬೇಡಿ, ಅದು ದೊಡ್ಡವರೂ ಕೇಳುವ ಪ್ರಶ್ನೆ.

ಮಾಡಬಾರದ್ದು ಒಂದಿದೆ. ಕಾರಿನಲ್ಲಿ ವಾಪಸ್ ಬರುವಾಗ ಕ್ವಿಜ್ ಮಾಡಬೇಡಿ. "ಹೇಳು, ಯಾವ ವರ್ಷ? ಯಾವ ರಾಜ?" ಅಂದ ತಕ್ಷಣ ಅದು ಪರೀಕ್ಷೆ ಆಗುತ್ತದೆ. ಅವಳಿಗೆ ಏನು ವಿಚಿತ್ರ ಅನಿಸಿತು ಅಂತ ಕೇಳಿ, ಅದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ವಾರ ಆ ಒಂದು ಪ್ರಶ್ನೆಗೆ ಲೈಬ್ರರಿಗೆ ಹೋಗಿ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಜೊತೆಗೆ ಕೂತು ಓದಿ.

ಪ್ರಯಾಣವೇ ಬೇಡ ಅನ್ನುವಷ್ಟು ಹತ್ತಿರದ್ದೂ ಇದೆ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಗಳ ಸಂಪುಟಗಳು ತಾಲೂಕುವಾರು ಇವೆ. ಹನ್ನೊಂದನೇ ಸಂಪುಟದಲ್ಲಿ ಹಳೆಯ ಚಿತ್ರದುರ್ಗ ಜಿಲ್ಲೆ, ಅದರಲ್ಲಿ ನಿಮ್ಮ ದಾವಣಗೆರೆ ತಾಲೂಕೂ ಸೇರಿದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಸುತ್ತಿನ ಹಳ್ಳಿಗಳ ಹೆಸರು ಹುಡುಕಿ. ಗ್ರಹಣದ ದಿನ ದಾನ ಕೊಟ್ಟೆ ಅನ್ನುವ ಶಾಸನಗಳು ನಮ್ಮಲ್ಲಿ ತುಂಬ. "ಸೂರ್ಯಗ್ರಹಣ" ಅನ್ನುವ ಮಾತಿನ ಜೊತೆ ಶಕ ವರ್ಷ, ತಿಂಗಳು ಇರುತ್ತದೆ. ಶಕ ವರ್ಷಕ್ಕೆ 78 ಸೇರಿಸಿದರೆ ಹೆಚ್ಚುಕಡಿಮೆ ಇಂಗ್ಲಿಷ್ ವರ್ಷ ಸಿಗುತ್ತದೆ. ನಾಸಾದವರು ಐದು ಸಾವಿರ ವರ್ಷದ ಗ್ರಹಣಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆ ದಿನ ನಿಜವಾಗಿ ಗ್ರಹಣ ಆಗಿತ್ತಾ, ನಮ್ಮೂರಿಗೆ ಕಾಣುತ್ತಿತ್ತಾ ಅಂತ ಮಗಳು ಫೋನಿನಲ್ಲೇ ತಾಳೆ ನೋಡಬಹುದು. ಎಷ್ಟೋ ಸಲ ಸರಿಯಾಗಿ ಕೂಡುತ್ತದೆ. ಕೆಲವು ಸಲ ಕೂಡುವುದಿಲ್ಲ, ಆಗಲೇ ಜಾಸ್ತಿ ರುಚಿ. ಪಂಚಾಂಗದ ಲೆಕ್ಕ ನಂಬಿ ಬರೆದರೇ? ಎಷ್ಟೋ ವರ್ಷ ಬಿಟ್ಟು ಕೆತ್ತಿಸಿದರೇ? ಶಾಸನವೇ ಖೊಟ್ಟಿಯೇ?

ಪಂಚಾಂಗದವರು ದೂರದರ್ಶಕ ಇಲ್ಲದೆ ಗ್ರಹಣ ಹೇಗೆ ಹೇಳುತ್ತಿದ್ದರು ಅಂತ ಅವಳು ಕೇಳಿದರೆ ವಾರೆನ್ ಕಡೆಗೆ ತಿರುಗಿಸಿ. ಅದೇ ವಾರೆನ್, ಕೋಲಾರದ ಮಣ್ಣು ತೊಳೆಸಿದವನು. ಮುಂದೆ ಅವನು ಮದ್ರಾಸಿನ ಖಗೋಳ ವೀಕ್ಷಣಾಲಯ ನೋಡಿಕೊಂಡ. 1825ರಲ್ಲಿ ದಕ್ಷಿಣ ಭಾರತದ ಪಂಚಾಂಗ ಲೆಕ್ಕಗಳ ಮೇಲೆ "ಕಾಲಸಂಕಲಿತ" ಎಂಬ ದೊಡ್ಡ ಪುಸ್ತಕ ಬರೆದ. ಪುದುಚೇರಿಯ ಒಬ್ಬ ತಮಿಳು ಪಂಚಾಂಗದವರು ಅವನೆದುರು ನೆಲದ ಮೇಲೆ ಕವಡೆ ಜೋಡಿಸುತ್ತಾ, ಬಾಯಿಪಾಠ ಇದ್ದ ಅಕ್ಷರಗಳಿಂದ ಅಂಕಿ ತೆಗೆಯುತ್ತಾ, ಒಂದು ಸಾಲೂ ಬರೆಯದೆ ಚಂದ್ರಗ್ರಹಣದ ಹೊತ್ತನ್ನು ಲೆಕ್ಕ ಹಾಕಿ ತೋರಿಸಿದರು. ಗ್ರಹಣ ಶುರುವಾಗುವ ಹೊತ್ತು ತಪ್ಪಿದ್ದು ನಾಲ್ಕೇ ನಿಮಿಷ, ಮುಗಿಯುವ ಹೊತ್ತು ಮಾತ್ರ ಸುಮಾರು ಐವತ್ತು ನಿಮಿಷ ತಪ್ಪಿತ್ತು. ಹಳ್ಳಿಯವರ ಮಾತು ಕೇಳಿ ಮಣ್ಣು ತೊಳೆಸಿದ ಮನುಷ್ಯ ಇಪ್ಪತ್ತು ವರ್ಷ ಆದಮೇಲೂ ಇನ್ನೊಬ್ಬರ ಮುಂದೆ ಕೂತು ಕವಡೆ ನೋಡುತ್ತಿದ್ದ.

ಮರಡಿಹಳ್ಳಿಗೆ ಬೆಳಿಗ್ಗೆಯೇ ಹೋಗಿ. ಓರೆ ಬಿಸಿಲಿನಲ್ಲಿ ದಿಂಬಿನ ಅಂಚು ಚೆನ್ನಾಗಿ ಎದ್ದು ಕಾಣುತ್ತದೆ, ಮಧ್ಯಾಹ್ನ ಎಲ್ಲ ಒಂದೇ ಆಗಿಬಿಡುತ್ತದೆ. ಕಲ್ಲು ಒಡೆಯಬೇಡಿ, ತರಬೇಡಿ. ಒಂದು ದಿಂಬಿನ ಚಿತ್ರ ಅವಳೇ ಕೈಯಲ್ಲಿ ಬಿಡಿಸಲಿ, ಫೋಟೊ ಆಮೇಲೆ. ಉಬ್ಬಿದ ಬೆನ್ನು ಯಾವ ಕಡೆ ಇದೆ, ಚೂಪಾದ ಬಾಲ ಯಾವ ಕಡೆ ಇದೆ ಅಂತ ಗುರುತು ಹಾಕಿಕೊಳ್ಳಲಿ. ಲಾವಾ ಹರಿದ ದಿನ ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಅಂತ ಅದರಿಂದ ಹೇಳಬಹುದು. ಅವಳಿಗೆ ಏನು ಕಂಡಿತು ಅಂತ ನನಗೂ ಬರೆಯಲಿ, ಚಿತ್ರದ ಜೊತೆ.